ತೆಳು ದನಿಯ ಕಪ್ಪೆಗಳು

"ಸುರೀಬೇಡ ಯೋಗಿ... ನಿಲ್ಸು!"

ಕೆಸರಲ್ಲಿ ಹೂತ ಕಾಲನ್ನು ಕಿತ್ತುಕೊಳ್ಳುತ್ತ ಓಡಿ ಬಂದ ತೇಜಸ್ವಿನಿ ಬಕೆಟ್ಟಿಗೆ ಕೈ ಹಾಕಿದಳು. ಅಷ್ಟರಲ್ಲಿ ಅದು ಬೋರಲಾಗಿತ್ತು. ಕೊನೆಯ ಕಪ್ಪೆಗಳೂ ಜಕ್ಕೂರು ಕೆರೆಗೆ ಬಿದ್ದು ಜೊಂಡಿನೊಳಗೆ ಕಾಣೆಯಾದವು.

ಬಕೆಟ್ಟಿನ ಅಂಚಿಗೆ ಅರಿಶಿನ, ಕುಂಕುಮ. ತಳದಲ್ಲಿ ನೆನೆದ ಅಕ್ಕಿಕಾಳು.

"ಇದೇನಿದು?"

"ಅಜ್ಜಿ ಮಾಡಿದ್ದು," ಯೋಗಾನಂದ ನಕ್ಕ. "ನಮ್ಮ ಕುಂಟೇಲಿ ಹುಟ್ಟಿದ ಮಕ್ಕಳು, ಮಡಿಲು ತುಂಬಿಸದೆ ಕಳಿಸಬಾರದು ಅಂದ್ರು. ಮೂರ್ನಾಲ್ಕು ದಿನದಿಂದ ಇದೇ ಕೆಲಸ ನಂಗೆ. ಎಲ್ಲಾ ಬದುಕಿವೆ ಕಣೆ, ನೋಡು ಬೇಕಾದ್ರೆ."

ತೇಜಸ್ವಿನಿ ಬಕೆಟ್ಟನ್ನು ಕೈಬಿಟ್ಟಳು. ಮೈಸೂರಿನಿಂದ ಬಂದವಳು ಹೆಬ್ಬಾಳದಲ್ಲಿ ಇಳಿದು ನೇರ ಕುಂಟೆಗೇ ಹೋಗಿದ್ದಳು. ನೀರೂ ಇರಲಿಲ್ಲ, ಕುಂಟೆಯೂ ಇರಲಿಲ್ಲ. ಸಮತಟ್ಟು ಮಾಡಿದ ಕೆಂಪು ಮಣ್ಣು, ಅದರ ಮೇಲೆ ಜೆಸಿಬಿ ಚಕ್ರದ ಗುರುತು.

'ಇವನಾ... ನನ್ನ ಯೋಗೀನಾ?'

ಅಮೃತಹಳ್ಳಿಯ ಹೆದ್ದಾರಿ ಪಕ್ಕದ ಆ ಕುಂಟೆ ಯೋಗಾನಂದನ ಮನೆಯವರದು. ಹಿಂದೆ ಅದರ ನೀರಲ್ಲಿ ಸೊಪ್ಪು, ಹೂವು ಬೆಳೆಯುತ್ತಿದ್ದರು. ನಡುವೆ ರಸ್ತೆ ಬಂದಾಗ ಅಲ್ಲಿನ ಕಪ್ಪೆಗಳಿಗೂ ಕೆರೆಯ ಕಪ್ಪೆಗಳಿಗೂ ಸಂಬಂಧ ಕಡಿಯಿತು. ಲಾರಿಗಳ ಗುಡುಗಿನಲ್ಲಿ ದಪ್ಪ ದನಿಯ ಗಂಡು ಎಷ್ಟು ಕೂಗಿದರೂ ಹೆಣ್ಣಿಗೆ ಕೇಳಿಸದು. ತೆಳು ದನಿಯ ಗಂಡಿಗೆ ಮಾತ್ರ ಜೊತೆ ಸಿಕ್ಕಿತು, ಮರಿಗಳೂ ಅದಕ್ಕೇ ಆದವು. ತಲೆಮಾರು ಕಳೆದಂತೆ ಕುಂಟೆಯ ದನಿಯೇ ಬೇರೆಯಾಯಿತು, ಹೆಣ್ಣುಗಳ ಕಿವಿಯೂ ಬೇರೆಯಾಯಿತು. ಕೆರೆಯ ಗಂಡಿನ ಕೂಗನ್ನು ಸ್ಪೀಕರಿನಲ್ಲಿ ಕೇಳಿಸಿದರೆ ಕುಂಟೆಯ ಹೆಣ್ಣು ಕೂತಲ್ಲಿಂದ ಅಲುಗುತ್ತಿರಲಿಲ್ಲ.

ಒಂದು ಪ್ರಭೇದ ಎರಡಾಗುತ್ತಿತ್ತು. ತೇಜಸ್ವಿನಿ ವರ್ಷಗಟ್ಟಲೆ ಅದನ್ನು ಕೂತು ಕೇಳಿದ್ದಳು, ಪಿಎಚ್‌ಡಿ ಅದರ ಮೇಲೇ ನಿಂತಿತ್ತು. ಅವಳ ಮೈಕು ಹಿಡಿಯಲು ಬಂದ ಜಮೀನಿನವರ ಹುಡುಗ ಯೋಗಿ ಅಲ್ಲೇ ಅವಳ ಪ್ರೀತಿಯಲ್ಲೂ ಬಿದ್ದಿದ್ದ.

"ಅಲ್ಲಿರೋದೂ ಕಪ್ಪೆ, ಇಲ್ಲಿರೋದೂ ಕಪ್ಪೆ. ಕೂಡ್ಕೊಂಡು ಬಾಳ್ತವೆ ಬಿಡು," ಅಂದ ಯೋಗಾನಂದ.

"ಸ್ವಲ್ಪ ಸುಮ್ಮನಿದ್ದು ಕೇಳಿಸ್ಕೋ."

ಸಂಜೆಯಾಗುತ್ತಿತ್ತು. ಕೆರೆ ತುಂಬ ದಪ್ಪ ದನಿಗಳು ಎದ್ದವು. ಅವುಗಳ ನಡುವೆ ಎಲ್ಲೋ ಒಂದು ತೆಳು ಕೂಗು... ಮತ್ತೊಮ್ಮೆ... ಆಮೇಲೆ ಅದು ಮುಳುಗಿಹೋಯಿತು.

"ಈ ಗದ್ದಲದಲ್ಲಿ ಅದರ ಹೆಣ್ಣು ಅದನ್ನ ಎಲ್ಲಿ ಅಂತ ಹುಡುಕುತ್ತೆ? ಕೆಲವು ಮಳೆಗಾಲ, ಅಷ್ಟೇ. ಆಮೇಲೆ ಆ ದನಿ ಲೋಕದಲ್ಲೇ ಇರಲ್ಲ." ಅವಳು ಕೆಸರಲ್ಲೇ ಕುಸಿದು ಕೂತು ಬಿಕ್ಕಿದಳು.

ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಊರಿನ ಹೆಂಗಸು ಲಕ್ಷ್ಮಿದೇವಮ್ಮ ಸೊಂಟ ನೆಟ್ಟಗೆ ಮಾಡಿದಳು. "ಕಪ್ಪೆಗೋಸ್ಕರ ಇಂಗೆ ಅಳ್ತಾರೇನವ್ವ? ಗಂಡ ಬಿಟ್ಟೋದೋರಂಗೆ. ಏಳು ಮೇಲೆ, ಆವು ಗೀವು ಇದ್ದಾತು."

ತೇಜಸ್ವಿನಿ ಏಳಲಿಲ್ಲ. ಆ ಹೆಂಗಸು ಹೊರೆ ಹೊತ್ತು ಹೋಗುವ ತನಕ ಕಾದಳು.

"ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

"ನೀನು ಮೈಸೂರಲ್ಲಿದ್ದೆ..."

"ಮೈಸೂರಲ್ಲಿ ಫೋನ್ ಇಲ್ವಾ?"

ಅವನು ಬಕೆಟ್ಟಿನ ಹಿಡಿಕೆಯನ್ನು ಆ ಕಡೆ ಈ ಕಡೆ ತಿರುಗಿಸಿದ. "ಮಾಡಿದ್ರೆ ನೀನು ಕೋರ್ಟಿಂದ ಸ್ಟೇ ತರ್ತಿದ್ದೆ. ಬಿಲ್ಡರ್ ಹತ್ರ ಅಪ್ಪನ ಮಾತುಕತೆ ಮುಗಿದಿತ್ತು."

"ನಾನು ಊರಲ್ಲಿಲ್ಲ ಅಂತ ಅಪ್ಪಂಗೆ ಹೇಳಿದ್ದು ಯಾರು?"

"ನಾನೇ," ಅಂದ ಯೋಗಾನಂದ, ನೀರನ್ನು ನೋಡುತ್ತ.

ಮುಚ್ಚಿದ ಕುಂಟೆಯನ್ನು ನೋಡಿದಾಗಲೂ ಅವಳಿಗೆ ಇಷ್ಟು ಉರಿದಿರಲಿಲ್ಲ.

"ಪ್ರೀತಿ ಇಲ್ದಿದ್ರೆ ಮಣ್ಣಲ್ಲೇ ಹೂತುಬಿಡ್ತಿದ್ವಿ ತೇಜು. ಮಂಡಿವರೆಗೂ ಕೆಸರಲ್ಲಿ ನಿಂತು ಒಂದೊಂದನ್ನೂ ಕೈಯಲ್ಲಿ ಹಿಡಿದೆ. ಯಾರಿಗೋಸ್ಕರ?"

ಅವನ ಬೆರಳೆಲ್ಲ ಜೊಂಡು ಗೀರಿ ಕೆಂಪಾಗಿತ್ತು. ಅವನು ಹೇಳಿದ್ದು ನಿಜ. ಅದು ನಿಜವೆಂಬುದೇ ಅವಳ ಬಾಯಿ ಕಹಿ ಮಾಡಿತು. ಆ ಬೆರಳುಗಳನ್ನು ಹಿಡಿದುಕೊಳ್ಳಬೇಕೆಂದು ಈಗಲೂ ಅನ್ನಿಸುತ್ತಿತ್ತಲ್ಲ...

ಅವನು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಅಪ್ಪ ಮದುವೆಗೆ ಒಪ್ಪಿದಾರೆ. ಲೇಔಟಲ್ಲಿ ಪಾರ್ಕಿಗೆ ಅಂತ ಬಿಟ್ಟಿರೋ ಜಾಗದಲ್ಲಿ ಒಂದು ಹೊಂಡ ತೋಡಿಸ್ತೀನಿ. ಇಲ್ಲಿಂದ ನಿನ್ನ ಕಪ್ಪೆಗಳನ್ನ ದನಿ ಕೇಳಿ ಕೇಳಿ ಇಬ್ಬರೂ ಹಿಡಿಯೋಣ. ಎಷ್ಟು ಸಿಗ್ತವೋ ಅಷ್ಟು. ಎದುರಿಗೇ ನಮ್ಮನೆ. ನೀನು ದಿನಾ ಕೂತು ಕೇಳಬಹುದು. ಬಾ ತೇಜು... ನಮ್ಮನೆಗೆ ಬಂದ್ಬಿಡು."

ಎಷ್ಟು ದಿನ ಕಾದಿದ್ದ ಮಾತು! ಕಣ್ಣು ತುಂಬಿ ಬಂತು. ಹೊಂಡ, ಹುಡುಕಿ ತಂದ ತೆಳು ದನಿಗಳು, ಬಾಗಿಲಲ್ಲಿ ನಿಂತ ಇವನು... ಎಲ್ಲ ಒಂದು ಗಳಿಗೆ ಕಣ್ಣೆದುರು ಬಂದು ನಿಂತಿತು.

"ಒಂದು ಕೇಳ್ತೀನಿ. ನಾಳೆ ನಿಮ್ಮಪ್ಪ ಆ ಹೊಂಡಾನೂ ಮುಚ್ಚಬೇಕು ಅಂದ್ರೆ, ಮೊದ್ಲು ನಂಗೆ ಹೇಳ್ತೀಯಾ?"

"ಅಪ್ಪ ಹಂಗೆಲ್ಲ ಅನ್ನಲ್ಲ ಕಣೆ."

"ಅಕಸ್ಮಾತ್ ಅಂದ್ರೆ?"

"ಅದನ್ನ... ಆಗ ನೋಡ್ಕೊಳ್ಳೋಣ."

ತೇಜಸ್ವಿನಿ ಎದ್ದಳು. ಅವನೂ ಎದ್ದು ಕೈ ಚಾಚಿದ, ಕೆಸರಿನಿಂದ ಮೇಲೆ ಹತ್ತಿಸಲು.

"ಬೇಡ," ಅಂದಳು. "ನಾನು ಬರಲ್ಲ."