ಎದುರುಮಾತಿನ ಜವರ

ಬಲು ಹಿಂದಿನ ಮಾತು. ಕಂಚಿನಕೋಟೆ ಎಂಬ ರಾಜ್ಯದ ಗುಡ್ಡದ ಮೇಲೆ ಬೋಳುತಲೆಯ ಮಾಂತ್ರಿಕನೊಬ್ಬನಿದ್ದ. 'ಹೋಗಿ ಬಾ' ಅನ್ನಿಸಿಕೊಳ್ಳದೆ ಹೊಸಿಲು ದಾಟಿದವರು ಅವನ ಪಾಲು. ಹಾಗಾಗಿ ಅಲ್ಲಿ ಜಗಳವಾಡಿದವರೂ ಮುಖ ತಿರುಗಿಸಿಕೊಂಡೇ 'ಹೋಗಿ ಬಾ' ಅನ್ನುತ್ತಿದ್ದರು.

ಆ ರಾಜ್ಯದ ಒಂದು ಊರಲ್ಲಿ ಪುರಿ ಹುರಿದು ಮಾರುವ ಜವರನಿದ್ದ. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ ದೇವೀರಿ. ಇಬ್ಬರದೂ ಬಾಯಿ ಅಂದರೆ ಬಾಯಿ!

"ಏಳೋ, ಸೂರ್ಯ ನೆತ್ತಿಗೆ ಬಂದ" ಅಂತ ಅವಳು.

"ಅವನಿಗೆ ಬೇರೆ ಕೆಲಸ ಇಲ್ಲ, ಬರ್ತಾನೆ" ಅಂತ ಇವನು.

"ನಿನಗೂ ಇಲ್ಲವಲ್ಲ, ನೀನ್ಯಾಕೆ ಏಳಲ್ಲ?" ಅಂತ ಮತ್ತೆ ಅವಳು. ಇದನ್ನು ಕೇಳೋಕೇ ಜನ ಅಂಗಡಿಗೆ ಬರುತ್ತಿದ್ದರು.

ಒಂದು ದಿನ ಪುರಿ ಹುರಿಯುವ ಮರಳು ತರಲು ಹೊಳೆಗೆ ಹೊರಟ ದೇವೀರಿ, "ಹೋಗಿ ಬರ್ತೀನಿ ಕಣೋ" ಅಂದಳು. ಅಂಗಡಿ ತುಂಬ ಜನ. ಇವನ ನಾಲಿಗೆ ಸುಮ್ಮನಿದ್ದೀತೇ?

"ಬಂದು ಏನ್ ಮಾಡ್ತೀಯ, ಹೋಗು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಯ್ಯೋ, ಅವಳೂ ನಗುತ್ತಲೇ ಹೊಸಿಲು ದಾಟಿದಳು. ಸಂಜೆಯಾದರೂ ಬರಲಿಲ್ಲ. ಆಗ ಜವರನಿಗೆ ತಾನು ಅಂದದ್ದೇನೆಂದು ಹೊಳೆಯಿತು. ಎದ್ದವನೇ ಗುಡ್ಡಕ್ಕೆ ಓಡಿದ.

ಗುಡ್ಡದ ತುಂಬ ಕಲ್ಲಾದ ಜನ. ಅವರ ನಡುವೆ ಅಕ್ಕ ನಿಂತಿದ್ದಳು. ಅವಳ ಪಾದ ಮಾತ್ರ ಕಲ್ಲಾಗಿತ್ತು.

"ಮೂರು ಮಾತಿಗೆ ಉತ್ತರ ಕೊಡು, ಬಿಡ್ತೀನಿ" ಅಂದ ಮಾಂತ್ರಿಕ. "ಇಲ್ಲಿ ಬಂದವರ ತಲೆ ಉಳಿಯಲ್ಲ, ಗೊತ್ತಾ?"

"ಇಲ್ಲೇ ಇರೋರ ತಲೇಲಿ ಕೂದಲೇ ಉಳಿದಿಲ್ಲ, ಕಾಣ್ತಿದೆ."

ಮಾಂತ್ರಿಕ ಗಹಗಹಿಸಿ ನಕ್ಕ.

"ನನ್ನ ಹೆಸರು ಕೇಳಿದ್ರೆ ಅಳೋ ಮಕ್ಕಳು ಸುಮ್ಮನಾಗ್ತಾವೆ!"

"ಹಾಗಾದ್ರೆ ನಮ್ಮೂರಿಗೆ ಬಾ, ತೊಟ್ಟಿಲು ತೂಗೋರು ಬೇಕಾಗಿದ್ದಾರೆ."

ಮಾಂತ್ರಿಕ ಇನ್ನೂ ಜೋರಾಗಿ ನಕ್ಕ. ಗೆದ್ದೆನೆಂದು ಜವರ ಅಕ್ಕನತ್ತ ತಿರುಗಿದ. ಕಲ್ಲು ಅವಳ ಗಂಟಲವರೆಗೆ ಏರಿತ್ತು! ಮಾಂತ್ರಿಕ ನಕ್ಕಾಗಲೆಲ್ಲ ಏರುವ ಕಲ್ಲು ಅದು. ಜಾಣತನ ತೋರಿಸಲು ಹೋಗಿ ತಮ್ಮನೇ ಅವಳನ್ನು ಕಲ್ಲು ಮಾಡುತ್ತಿದ್ದ.

"ಇವಳು ಮನೆಗೆ ಬಂದು ಏನ್ ಮಾಡಬೇಕೋ?" ಅದು ಮೂರನೆಯದು.

ಜವರನ ನಾಲಿಗೆ ತುದಿಗೆ ಒಂದು ಉತ್ತರ ಬಂತು, ಬಲು ಚುರುಕಾದದ್ದು. ನುಂಗಿಕೊಂಡ. ಕಣ್ಣಲ್ಲಿ ನೀರು ಬಂತು.

"ಏನೂ ಮಾಡೋದು ಬೇಡ. ಸುಮ್ನೆ ಮನೇಲಿರಲಿ. ಅಕ್ಕ ಇಲ್ದೆ ನನಗಾಗಲ್ಲ."

ಇದರಲ್ಲಿ ನಗಲು ಏನೂ ಇರಲಿಲ್ಲ. ನಗಲಾರದೆ ಮಾಂತ್ರಿಕ ಬಿರುಕು ಬಿಟ್ಟು ಪುಡಿಪುಡಿಯಾದ. ಕಲ್ಲಾದವರೆಲ್ಲ ಮೈಮುರಿದು ಎದ್ದರು. ದೇವೀರಿಯ ಮೈಮೇಲಿನ ಕಲ್ಲೂ ಕರಗಿತು. ಆದರೆ ಗಂಟಲಿಗೆ ಏರಿದ ಕಲ್ಲು ಮಾತ್ರ ಅಲ್ಲೇ ಉಳಿಯಿತು.

ರಾಜ್ಯವೆಲ್ಲ ಸುಖವಾಗಿತ್ತು. ಅಕ್ಕ ತಮ್ಮ ಪುರಿ ಹುರಿದುಕೊಂಡು ಬಾಳಿದರು. ಜವರ ಬೆಳಗಾದರೂ ಏಳದೆ, ಬೇಕಂತಲೇ ಮುಸುಕು ಹಾಕಿ ಮಲಗಿರುತ್ತಿದ್ದ. ದೇವೀರಿ ಬಂದು ಮುಸುಕು ಸರಿಸುತ್ತಿದ್ದಳು.

"ಒಂದು ಸಲ ಬಯ್ಯೇ ಅಕ್ಕಾ" ಅನ್ನುತ್ತಿದ್ದ.

ಅವಳು ನಕ್ಕು, ಅವನ ತಲೆ ಸವರಿ, ಒಲೆ ಹಚ್ಚಲು ಹೋಗುತ್ತಿದ್ದಳು.