ಹಗೇವಿನಲ್ಲಿ ಕೂತ ತೀರ್ಥಪ್ಪ

“ಗೊಂಬೆ ಎಷ್ಟು ಚೆನ್ನಾಗಿ ಮಾಡಿ ಕೂರಿಸಿದ್ದಾರೆ ನೋಡ್ರೀ!” ಎಂದರು, ಕಡೂರಿನಿಂದ ಹಳೇ ಮನೆ ನೋಡಲು ಬಂದಿದ್ದ ಸಾವಿತ್ರಮ್ಮ.

ಮನೆ ತೋರಿಸುವ ಅಂಜಿನಪ್ಪ ಹಗ್ಗಕ್ಕೆ ಕಟ್ಟಿದ ಲಾಟೀನನ್ನು ನೆಲದಡಿಯ ಹಗೇವಿನೊಳಗೆ ಇನ್ನಷ್ಟು ಇಳಿಸಿದ. ಗೊಂಬೆ? ಅಲ್ಲಿ ಗೊಂಬೆ ಇರಲಿಲ್ಲವಲ್ಲ?

ಬೆಳಕು ತಳ ಮುಟ್ಟಿತು.

“ಅಯ್ಯಯ್ಯೋ... ಯಜಮಾನ್ರು ಕಣ್ರಪ್ಪೋ!”

ಮನೆಯೊಡೆಯ ತೀರ್ಥಪ್ಪನವರು ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಡಗೈಯಲ್ಲಿ ಲಿಂಗ. ನೆತ್ತಿಯ ಗಾಯದಿಂದ ಇಳಿದ ರಕ್ತ ಮೂಗಿನವರೆಗೆ ಬಂದು ಒಣಗಿತ್ತು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಬೆಳ್ಳಗೆ. ಜೀವ ಇರಲಿಲ್ಲ.

ಶಿವನಿ ಸ್ಟೇಷನ್ನಿಗೆ ಹತ್ತಿರದ ಆ ಮನೆಯನ್ನು ಹಿಂದಿನ ವರ್ಷ, 1958ರಲ್ಲಿ, ಪತ್ರಿಕೆಯವರು ಕಂಡು ಬರೆದಿದ್ದರು. ಕೆತ್ತನೆಯ ಕಂಬ, ಮಾರು ದಪ್ಪದ ಗೋಡೆ. ಅಂದಿನಿಂದ ಭಾನುವಾರ ರೈಲಿಳಿದು ಜನ ಬರತೊಡಗಿದರು. ರಾಗಿ ತುಂಬಿಡುವ ನೆಲಗುಳಿಯಾದ ಹಗೇವನ್ನು ‘ಪಾಳೇಗಾರರ ಸೆರೆಮನೆ’ ಎಂದು ಅಂಜಿನಪ್ಪನ ಬಾಯಲ್ಲಿ ಹೇಳಿಸಿದವನು ಪಂಚಾಯಿತಿ ಛೇರ್ಮನ್ ಸೋಮಶೇಖರಪ್ಪ, ತೀರ್ಥಪ್ಪನವರ ತಮ್ಮನ ಮಗ.

ತರೀಕೆರೆಯಿಂದ ಇನ್‌ಸ್ಪೆಕ್ಟರ್ ಚಿಕ್ಕಬೀರಪ್ಪ ಬಂದರು.

“ಶನಿವಾರ ಸಂಜೆ ಯಜಮಾನರು ನಿನ್ನನ್ನು ಬೈದರಂತೆ?”

“ಹೌದು ಸ್ವಾಮಿ,” ಎಂದ ಅಂಜಿನಪ್ಪ. “ನಮ್ಮಜ್ಜನ ರಾಗಿ ಹಗೇವ್ನ ಜೈಲು ಅಂತೀಯಲ್ಲೋ, ನಾಚ್ಕೆ ಆಗಲ್ವೇನೋ? ಬೀಗದ್ ಕೈ ಕೊಟ್ಟು ಮನೇಗೋಗು, ಅಂದ್ರು.”

“ನೀನೇನು ಮಾಡಿದೆ?”

“ಕೊಟ್ಟೋದೆ.”

“ಭಾನುವಾರ ಬಾಗಿಲು ಹೇಗೆ ತೆಗೆದೆ?”

“ತಪ್ಪಾಯ್ತು ಅನ್ನಣ ಅಂತ ಬಂದೆ. ತೆಗ್ದೇ ಇತ್ತು. ಯಜಮಾನ್ರು ಮನ್ಸು ಬದ್ಲಾಯಿಸಿರ್ಬೇಕು ಅನ್ಕಂಡೆ.”

ಯಾರು ನಂಬುತ್ತಾರೆ? ಕೆಲಸ ಹೋಯಿತೆಂಬ ಸಿಟ್ಟಿನಲ್ಲಿ ಮುದುಕರನ್ನು ತಳ್ಳಿದ—ಊರು ತೀರ್ಮಾನಿಸಿತು. ಅಂಜಿನಪ್ಪ ಲಾಕಪ್ಪಿಗೆ ಹೋದ. ಅವನ ಹೆಂಡತಿ ದುರ್ಗಮ್ಮ ಆ ಮನೆಯ ಜಗಲಿಯಲ್ಲೇ ಕೂತುಬಿಟ್ಟಳು.

“ಏಳಮ್ಮ, ಇಲ್ಲಿ ಕೂತರೇನು ಬರುತ್ತೆ?” ಎಂದರು ಚಿಕ್ಕಬೀರಪ್ಪ.

“ನನ್ ಗಂಡ ಬತ್ತಾನೆ.”

ಸೋಮಶೇಖರಪ್ಪ ಹೇಳಿದ: “ದೊಡ್ಡಪ್ಪ ಪುಣ್ಯವಂತ್ರು ಸಾರ್. ತಳ್ಳಿಸ್ಕಂಡು ಬಿದ್ರೂ ಎದ್ದು ಕೂತು, ಲಿಂಗ ಹಿಡ್ಕಂಡು ಶಿವನ ಸೇರವ್ರೆ.”

“ಶನಿವಾರ ನೀವೆಲ್ಲಿದ್ದಿರಿ?”

“ಚೌಳಹಿರಿಯೂರಾಗೆ. ನೆಂಟ್ರ ಮನೇಲಿ.”

ಮಾರನೆಯ ದಿನ ಹೊಲದಲ್ಲಿ ಮಣ್ಣು. ಹೆಣವನ್ನು ಗುಂಡಿಯಲ್ಲಿ ಕೂರಿಸಿದರು. ಮಠದ ಅಯ್ಯನವರು ಕರೆದರು: “ಗಂಡುಮಕ್ಕಳಿಲ್ಲ. ಸೋಮಶೇಖರ, ಮೊದ್ಲು ನೀನೇ ಬಂದು ವಿಭೂತಿ ಹಚ್ಚಪ್ಪ.”

ಸೋಮಶೇಖರಪ್ಪ ಹಿಂದೆ ಸರಿದ. “ನನ್ ಕೈಲಾಗಲ್ಲ, ಬ್ಯಾರೆಯವ್ರು ಹಚ್ಲಿ.” ದುಃಖ ಎಂದುಕೊಂಡರು ಜನ. ಬೇರೊಬ್ಬರು ಹಚ್ಚಿದರು.

ಚಿಕ್ಕಬೀರಪ್ಪನವರು ಅದನ್ನು ನೋಡುತ್ತ ನಿಂತಿದ್ದರು. ತಪ್ಪು ಮನುಷ್ಯನನ್ನು ಒಳಗೆ ಹಾಕಿದೆನೇ? ಡಾಕ್ಟರ ವರದಿ ಬಂದ ಕೂಡಲೇ ಅವರು ಮತ್ತೆ ಆ ಮನೆಗೆ ಬಂದರು. ಆ ಶನಿವಾರ ತವರಿಗೆ ಹೋಗಿದ್ದ, ತೀರ್ಥಪ್ಪನವರ ಹೆಂಡತಿ ತೀರ್ಥಮ್ಮನನ್ನೂ ಸೋಮಶೇಖರಪ್ಪನನ್ನೂ ಪಡಸಾಲೆಗೆ ಕರೆಸಿದರು.

“ಅಮ್ಮಾ, ರಕ್ತ ನೆತ್ತಿಯಿಂದ ಮೂಗಿಗೆ ಇಳಿದಿತ್ತು. ನಡುವೆ ಏನಿದೆ?”

“ಹಣೆ.”

“ಹಣೆಯ ಮೇಲೆ?”

“ಇಬೂತಿ. ದಿನಾ ಹಚ್ಕಳೋರು.”

“ಅದಕ್ಕೇ ನಾವ್ಯಾರೂ ಅದನ್ನು ಸರಿಯಾಗಿ ನೋಡಲಿಲ್ಲ. ಬಿದ್ದಾಗಲೇ ವಿಭೂತಿ ಇದ್ದಿದ್ದರೆ ರಕ್ತ ಅದರ ಮೇಲೆ ಹರಿಯಬೇಕಿತ್ತು. ಪಟ್ಟೆ ಒಡೆಯಬೇಕಿತ್ತು. ಒಡೆದಿರಲಿಲ್ಲ—ಡಾಕ್ಟರು ಬರೆದಂತೆ ಪಟ್ಟೆಗಳು ರಕ್ತದ ಮೇಲಿದ್ದವು!”

“ಬಿದ್ಮೇಲೆ ಅವ್ರೇ ಹಚ್ಕಂಡಿರ್ಬೌದು,” ಎಂದ ಸೋಮಶೇಖರಪ್ಪ.

“ಯಾವ ವಿಭೂತಿ? ಅವರ ವಿಭೂತಿ ಗಟ್ಟಿ ದೇವರ ಗೂಡಿನಲ್ಲೇ ಇದೆ. ಬೆರಳಿನಲ್ಲಿ ಬೂದಿ ಇರಲಿಲ್ಲ. ಅಲ್ಲದೆ, ಕತ್ತು ಮುರಿದು ಬಿದ್ದಲ್ಲೇ ಪ್ರಾಣ ಹೋಗಿದೆ ಎನ್ನುತ್ತಾರೆ ಡಾಕ್ಟರು. ಸತ್ತವರು ಎದ್ದು ಕೂರುತ್ತಾರೆಯೇ?”

ತೀರ್ಥಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಯಾರೋ ಕೂರಿಸಿದ್ದಾರೆ. ವಿಭೂತಿ ಹಚ್ಚಿ, ಎಡಗೈಗೆ ಲಿಂಗ ಕೊಟ್ಟಿದ್ದಾರೆ. ಮೊನ್ನೆ ಗುಂಡಿಯಲ್ಲಿ ನೀವೆಲ್ಲ ಮಾಡಿದ್ದನ್ನೇ, ಅಲ್ಲಿ ಒಬ್ಬರು ಮಾಡಿ ಮುಗಿಸಿದ್ದರು. ಅಂಜಿನಪ್ಪ ತಳ್ಳಿದ್ದರೆ ತಳ್ಳಿ ಓಡುತ್ತಿದ್ದ. ಲಿಂಗ ಕಟ್ಟದ ಅವನಿಗೆ ಈ ಕ್ರಮ ಯಾಕೆ?”

“ಊರಾಗೆ ಲಿಂಗ ಕಟ್ದೋನು ನಾನೊಬ್ನೇನಾ?”

“ನಿಮ್ಮ ಹೆಸರು ನಾನಿನ್ನೂ ಹೇಳಿಲ್ಲವಲ್ಲ?”

ಸೋಮಶೇಖರಪ್ಪ ಬಾಗಿಲ ಕಡೆ ನೋಡಿದ.

“ಲಿಂಗ ಕಟ್ಟಿದವರು ಬಹಳ ಜನ. ಆದರೆ ಅಯ್ಯನವರು ಕರೆದಾಗ ಹಿಂದೆ ಸರಿದವರು ನೀವೊಬ್ಬರೇ. ಕೊನೆಯ ವಿಭೂತಿ ಒಬ್ಬರಿಗೆ ಎರಡು ಸಲ ಹಚ್ಚಲು ನಿಮ್ಮ ಕೈ ಬರಲಿಲ್ಲ. ಅಷ್ಟರಿಂದ ಅನುಮಾನ ಬಂತು, ಅಷ್ಟೆ. ಚೌಳಹಿರಿಯೂರಿಗೆ ನಾನೇ ಹೋಗಿ ಕೇಳಿದೆ. ಶನಿವಾರ ನೀವು ಅಲ್ಲಿಗೆ ಕಾಲಿಟ್ಟಿಲ್ಲ. ತೀರ್ಥಪ್ಪನವರನ್ನು ಕೊಂದವರು ನೀವು.”

“ಲೇ ಸೋಮ,” ಎಂದರು ತೀರ್ಥಮ್ಮ. “ಇಲ್ಲ ಅನ್ನೋ. ಇಲ್ಲ ಅಂತ ಒಂದ್ ಮಾತು ಅನ್ನೋ.”

ಅವನು ಅವರ ಕಾಲ ಬಳಿ ಕೂತ.

“ಅಮಲ್ದಾರ್ರು ಸೋಮವಾರ ಮನೆ ನೋಡಕ್ಕೆ ಬತ್ತಾರೆ, ಅವ್ರೆದುರ್ಗೇ ಜೈಲು ಕತೆ ಎಲ್ಲಾ ಸುಳ್ಳು ಅಂತೀನಿ ಅಂದ್ರು ದೊಡ್ಡಪ್ಪ. ಊರ ಮುಂದೆ ನನ್ ಮುಖ ಏನಾಗ್ಬೇಕು? ಹಗೇವಿನ ಬಾಯತ್ರ, ಬ್ಯಾಡ ಅಂತ ತೋಳು ಹಿಡ್ದು ಎಳ್ದಾಡ್ದೆ. ಬೈದ್ರು. ತಳ್ಬಿಟ್ಟೆ... ಏಣಿ ಇಟ್ಟು ಇಳ್ದೆ. ಬೋರಲು ಬಿದ್ದಿದ್ರು. ಸಾಕಿದ ದೊಡ್ಡಪ್ಪನ್ನ ಹಂಗೆ ಹೆಂಗೆ ಬಿಟ್ಬರ್ಲಿ? ನನ್ ಗಟ್ಟೀಲೇ ಇಬೂತಿ ಹಚ್ದೆ.”

“ಸತ್ತವರನ್ನು ಬೋರಲು ಬಿಡಲು ಮನಸ್ಸು ಬರಲಿಲ್ಲ. ಬದುಕಿರುವವನನ್ನು ನೇಣಿಗೆ ಬಿಡಲು ಬಂತೇ?”

ಪೇದೆ ಅವನ ತೋಳು ಹಿಡಿದ.

ತೀರ್ಥಮ್ಮ ಎದ್ದು, ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ದುರ್ಗಮ್ಮನ ಪಕ್ಕದಲ್ಲಿ ಕೂತರು.

ಚಿಕ್ಕಬೀರಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತರು.

“ತಪ್ಪಾಯಿತಮ್ಮ. ನಿನ್ನ ಗಂಡನನ್ನು ಬಿಡಿಸಿ ಕಳಿಸುತ್ತೇನೆ. ಇನ್ನಾದರೂ ಏಳು.”

ದುರ್ಗಮ್ಮ ಏಳಲಿಲ್ಲ.

“ಹಿಡ್ಕಂಡೋಗೋವಾಗ್ಲೂ, ಎರಡ್ ಮಾತು ಕೇಳಿ ಕಳಿಸ್ತೀನಿ ಅಂದಿದ್ರಿ ಸ್ವಾಮಿ,” ಎಂದಳು. “ಬಂದ್ಮೇಲೆ ಏಳ್ತೀನಿ.”