ಹಸಿರು ಹೆಗಲಿನ ಟೊಮೆಟೊ

ಟೊಮೆಟೊ ಗಿಡದ ಎಲೆ ಮುಟ್ಟಿದರೆ ಬೆರಳಿಗೊಂದು ವಾಸನೆ ಅಂಟುತ್ತದಲ್ಲ, ಸೋಪು ಹಚ್ಚಿ ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ. ಹನ್ನೊಂದು ವರ್ಷ ಕಳೆದರೂ ಆ ವಾಸನೆ ಬಂದಾಗಲೆಲ್ಲ ಗುಬ್ಬಿಗೆ ಒಂದೇ ಒಂದು ಬೇಸಿಗೆ ನೆನಪಾಗುತ್ತದೆ.

ಗುಬ್ಬಿ ಎಂದು ಅವಳನ್ನು ಕರೆಯುತ್ತಿದ್ದವರು ಅತ್ತೆ ಒಬ್ಬರೇ. ಅತ್ತೆ ಎಂದರೆ ಅಪ್ಪನ ತಂಗಿ. ಗುಬ್ಬಿಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಹೋದಳು. ಅಂದಿನಿಂದ ಎಣ್ಣೆ ಹಚ್ಚಿ ಜಡೆ ಹೆಣೆದು, ಗದರಿ, ಮುದ್ದಿಸಿ ಬೆಳೆಸಿದ್ದು ಅತ್ತೆ. ಮುಂದೆ ಅಪ್ಪನೂ ಹೋದ. ಆ ಬೇಸಿಗೆಯ ಹೊತ್ತಿಗೆ ಗುಬ್ಬಿಗೆ ಮೂವತ್ತಾರು, ಪೇಟೆ ಬೀದಿಯಲ್ಲಿ ತನ್ನದೇ ಪುಟ್ಟ ಕನ್ನಡಕದಂಗಡಿ. ಮೇಲ್ಮಹಡಿಯ ಮನೆ, ಅದರ ಮೇಲೊಂದು ಖಾಲಿ ಟೆರೇಸು.

ಒಂದು ಬೆಳಿಗ್ಗೆ ಅತ್ತೆ ಇದ್ದಕ್ಕಿದ್ದಂತೆ, ಹಳೇ ಮನೆ ಹಿತ್ತಲಲ್ಲಿ ಬಿಡುತ್ತಿದ್ದ ಟೊಮೆಟೊ ತಿನ್ನಬೇಕು ಎಂದರು. ಗುಬ್ಬಿಗೂ ನೆನಪಿತ್ತು. ಲಂಗದ ನೆರಿಗೆಯ ಹಾಗೆ ಗೆರೆ ಗೆರೆ. ಹಣ್ಣಾದರೂ ತೊಟ್ಟಿನ ಸುತ್ತ ಹೆಗಲು ಮಾತ್ರ ಹಸಿರು. ಕಚ್ಚಿದರೆ ಕಣ್ಣು ಮುಚ್ಚಿಸುವಂಥ ಹುಳಿ. ಅಪ್ಪ ಗಿಡದ ಪಕ್ಕದಲ್ಲೇ ನಿಂತು, ಅಂಗೈಯಲ್ಲಿ ಉಪ್ಪಿಟ್ಟುಕೊಂಡು ತಿನ್ನುತ್ತಿದ್ದ.

ಹಾಗೆ ಒಂದು ಭಾನುವಾರ ಅವಳು ರೈಲ್ವೆ ಗೇಟಿನ ಆಚೆಯ ನರ್ಸರಿಗೆ ಹೋದಳು.

ನರ್ಸರಿಯವನಿಗೆ ನಲವತ್ತು ದಾಟಿತ್ತು. ಪ್ಯಾಂಟಿನ ಮೊಣಕಾಲಿನ ಮೇಲೆ ಎರಡು ಮಣ್ಣಿನ ಗುರುತು, ಕಿವಿಯ ಸಂದಿಯಲ್ಲೊಂದು ಪೆನ್ನು. ಟೊಮೆಟೊ ಸಸಿ ಒಂದು ಕೊಡಿ ಎಂದದ್ದಕ್ಕೆ, ಸಸಿ ಕೊಡುವ ಬದಲು ಡಾಕ್ಟರ ಹಾಗೆ ಪ್ರಶ್ನೆ ಕೇಳತೊಡಗಿದ. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಕುಂಡವೋ ನೆಲವೋ, ಹಸಿಯಾಗಿ ತಿನ್ನುವುದು ಹೆಚ್ಚೋ ಬೇಯಿಸುವುದು ಹೆಚ್ಚೋ. ಪ್ರತಿ ಉತ್ತರಕ್ಕೂ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ‘ಕಣ್ಣು ಮುಚ್ಚಿಸುವಂಥ ಹುಳಿ’ ಎಂದಾಗ ಅವನ ಕಣ್ಣೂ ತುಸು ಕಿರಿದಾಯಿತು, ತಾನೇ ಕಚ್ಚಿದ ಹಾಗೆ. ಅವಳಿಗೆ ನಗು ಬಂತು.

"ಮನೇಲಿ ಎಷ್ಟು ಜನ?" ಎಂದ.

"ಇಬ್ರೇ. ನಾನು, ನಮ್ಮತ್ತೆ. ಗಿಡ ಅವರಿಗೇನೇ. ಸರಿಯಾಗಿದ್ದು ತರ್ಲಿಲ್ಲ ಅಂದ್ರೆ ನನ್ನ ಗತಿ ಅಷ್ಟೆ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ," ಎಂದು ಅವನು ಸಣ್ಣಗೆ ನಕ್ಕ.

ಸೋದರತ್ತೆಗೆ ಅಣ್ಣನ ಮಗಳು ಸೊಸೆಯೇ ಆದ್ದರಿಂದ ಗುಬ್ಬಿಯೂ ನಕ್ಕಳು. ಆದರೆ ಅಲ್ಲಿಂದ ಮುಂದೆ ಅವನು ಅವಳ ಮುಖ ನೋಡಲಿಲ್ಲ. ಕಣ್ಣನ್ನು ಸಸಿಗಳ ಮೇಲಿಟ್ಟೇ ಮಾತಾಡಿದ. ನೀವು ಹೇಳಿದ್ದು ಹಳೇ ನಾಟಿ ತಳಿ, ಸಿಪ್ಪೆ ತೆಳು, ಗಾಡಿಗೆ ಹೇರಿದರೆ ಒಡೆದುಹೋಗುತ್ತದೆ, ಅದಕ್ಕೇ ಯಾರೂ ಬೆಳೆಯುವುದಿಲ್ಲ ಎಂದ. ಕೊನೆಗೆ ಮೂರು ಸಸಿ ಕೊಟ್ಟ: ಪೊದೆಯಂತೆ ಗಿಡ್ಡಕ್ಕೆ ಬೆಳೆಯುವ ಹೈಬ್ರಿಡ್ ಒಂದು, ಬಳ್ಳಿಯಂತೆ ಹಬ್ಬುವ ಚೆರ್ರಿ ಟೊಮೆಟೊ ಒಂದು, ತಾನೇ ಎಲ್ಲಿಂದಲೋ ಬೀಜ ತಂದು ಉಳಿಸಿಕೊಂಡಿದ್ದ ನಾಟಿಯದು ಒಂದು.

ನೆಟ್ಟದ್ದಾಯಿತು. ಆದರೆ ಗಿಡ ಎಂದ ಮೇಲೆ ಸಂದೇಹಕ್ಕೆ ಕೊನೆಯುಂಟೇ? ಒಂದು ಭಾನುವಾರ ಕೆಳಗಿನ ಎಲೆ ಹಳದಿಯಾಗಿತ್ತು. ಇನ್ನೊಂದು ಭಾನುವಾರ ಹೂವು ಉದುರಿತ್ತು. ಎಲೆಗೂ ಕಾಂಡಕ್ಕೂ ನಡುವಿನ ಚಿಗುರನ್ನು ಚಿವುಟುವುದೋ ಬಿಡುವುದೋ ತಿಳಿಯದೆ ಅವಳು ಮತ್ತೊಂದು ಭಾನುವಾರ ಹೋದಳು. ಅವನು ಬೇಸರಿಸದೆ ಹೇಳಿಕೊಡುತ್ತಿದ್ದ. ಕಾಯಿ ಕಚ್ಚಬೇಕಾದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ, ಮಗುವಿನ ಬೆನ್ನು ತಟ್ಟಿದ ಹಾಗೆ ಎಂದ. ಬೀಜದ ಪೊಟ್ಟಣದ ಹಿಂದೆ ಬರೆದೂ ಕೊಟ್ಟ. ಬರೆಯುವಾಗ ಪೊಟ್ಟಣವನ್ನು ತೋಳುದ್ದ ದೂರ ಹಿಡಿದಿದ್ದನ್ನು ಅವಳು ಗಮನಿಸಿದಳು.

"ಹತ್ತಿರದ್ದು ಕಾಣ್ತಿಲ್ಲ, ನಿಮಗೆ ಚಾಳೀಸು ಬಂದಿದೆ. ಅಂಗಡಿಗೆ ಬನ್ನಿ," ಎಂದಳು.

ಎರಡು ವಾರ ಬರಲಿಲ್ಲ. ಮೂರನೆಯ ವಾರ ಬಂದ. ತೊಳೆದು ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹೋಗದ ಮಣ್ಣು.

ಅಕ್ಷರದ ಹಲಗೆ ಓದಿಸಿ, ಲೆನ್ಸು ಬದಲಿಸಿ ನೋಡಿದ್ದಾಯಿತು. ಉಳಿದದ್ದು ಎರಡು ಕಣ್ಣಪಾಪೆಗಳ ನಡುವಿನ ಅಂತರ ಅಳೆಯುವುದು. ಅದಕ್ಕೆ ಎದುರಾ ಬದುರಾ ಕೂತು, ಮೂಗಿನ ಮೇಲೆ ಪುಟ್ಟ ಸ್ಕೇಲು ಹಿಡಿಯಬೇಕು. ದಿನಕ್ಕೆ ಹತ್ತು ಮಂದಿಗೆ ಮಾಡುವ ಕೆಲಸ. ಆದರೆ ಇವನು ನೆಲ ನೋಡುತ್ತಿದ್ದ.

"ನನ್ನ ಎಡಗಣ್ಣು ನೋಡಿ," ಎಂದಳು.

ಅವನು ಕಣ್ಣೆತ್ತಿದ. ಜೇನುಬಣ್ಣದ ಕಣ್ಣು, ಅಂಚಿನಲ್ಲೊಂದು ಕಪ್ಪು ಉಂಗುರ, ರೆಪ್ಪೆಯ ತುದಿ ಬಿಸಿಲಿಗೆ ಬೆಳ್ಳಗಾಗಿತ್ತು. ಎರಡೇ ಕ್ಷಣ. ಮತ್ತೆ ನೆಲಕ್ಕಿಳಿಸಿದ.

"ಹೀಗೆ ಮಾಡಿದ್ರೆ ನಾನು ಅಳೆಯೋದು ಹೇಗೆ?"

ಅವನು ಸ್ಕೇಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರು ಊರಲ್ಲಿಲ್ಲ. ನೀವು ಪ್ರತಿ ಭಾನುವಾರ ಬರ್ತೀರಿ, ನಾನೂ ಕಾಯ್ತೀನಿ. ಅದು ಸರಿಯಲ್ಲ ಅಂತ ನನಗೇ ಗೊತ್ತಾಗುತ್ತೆ."

"ಯಾವ ಯಜಮಾನ್ರು?"

"ಮನೇಲಿ ನೀವು, ಅತ್ತೆ ಇಬ್ರೇ ಅಂದ್ರಲ್ಲ. ಯಜಮಾನ್ರು ಬೇರೆ ಊರಲ್ಲಿದ್ದಾರೆ ಅಂದ್ಕೊಂಡೆ."

ಗುಬ್ಬಿಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ನಗು ತಡೆಯಲಾಗಲಿಲ್ಲ. "ನಮ್ಮಪ್ಪನ ತಂಗಿ ರೀ ಅವರು," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಅವನ ಕಿವಿ ತುದಿಯವರೆಗೂ ಕೆಂಪಾಯಿತು. ಆಮೇಲೆ ಅವಳು ಹೇಳದೆಯೇ ಅವಳ ಎಡಗಣ್ಣು ನೋಡಿದ, ಬಲಗಣ್ಣು ನೋಡಿದ, ಮತ್ತೆ ಎಡಗಣ್ಣಿಗೆ ಬಂದ. ಮೂರು ಸಲ ಅಳೆದಳು, ಮೂರು ಲೆಕ್ಕ ಬಂತು.

ಆಮೇಲಿನ ದಿನಗಳನ್ನು ಗುಬ್ಬಿ ಈಗಲೂ ಒಂದೊಂದಾಗಿ ನೆನೆಯಬಲ್ಲಳು. ಚೆರ್ರಿ ಬಳ್ಳಿಗೆ ಊರುಗೋಲು ಕಟ್ಟುವ ನೆವದಲ್ಲಿ ಅವನು ಟೆರೇಸಿಗೆ ಬಂದ. ದಾರ ಕಟ್ಟುವಾಗ ಅವಳು ಗಂಟಿನ ಮೇಲೆ ಬೆರಳು ಒತ್ತಿ ಹಿಡಿದಳು, ಅವನು ಆ ಬೆರಳನ್ನೂ ಸೇರಿಸಿ ಕಟ್ಟಿದ. ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಕಂಡೂ ಕಾಣದವರಂತೆ ಟೀ ಹೀರಿದರು. ಹೈಬ್ರಿಡ್ ಮೊದಲು ಹಣ್ಣಾಯಿತು. ಅತ್ತೆ ಒಂದು ಚೂರು ತಿಂದು, ಚೆಂಡಾಟಕ್ಕೆ ಆಗುತ್ತೆ ಎಂದರು. ಚೆರ್ರಿಯದು ಪೆಪ್ಪರಮಿಂಟು, ಹಲ್ಲಿಗೂ ಸಾಲದು ಎಂದರು. ನಾಟಿ ಇನ್ನೂ ಕಾಯಿಯಾಗಿತ್ತು.

ಅಷ್ಟರಲ್ಲಿ ಒಂದು ಸಂಜೆ, ನರ್ಸರಿಯ ನೆರಳು ಬಲೆಯ ಕೆಳಗೆ, ಅವನು ಕೇಳಿಯೇಬಿಟ್ಟ. "ನನಗೆ ಮಾತು ಜೋಡಿಸೋಕೆ ಬರಲ್ಲ. ಮದುವೆ ಆಗೋಣ್ವಾ?"

ಗುಬ್ಬಿಯ ಎದೆ ತುಂಬಿ ಬಂತು. ಬಾಯಿಂದ ಬಂದದ್ದು ಮಾತ್ರ ಹದಿನೈದು ವರ್ಷದಿಂದ ಎಲ್ಲರಿಗೂ ಹೇಳಿ ಹೇಳಿ ಸವೆದಿದ್ದ ಮಾತು. "ಅತ್ತೆ ನನಗೋಸ್ಕರ ಮದುವೆನೇ ಆಗ್ಲಿಲ್ಲ. ಅವರನ್ನ ಒಂಟಿ ಮಾಡಿ ಬರೋಕಾಗಲ್ಲ."

"ಒಂಟಿ ಮಾಡಿ ಬನ್ನಿ ಅಂತ ನಾನು ಹೇಳ್ಲಿಲ್ವಲ್ಲ," ಎಂದ ಅವನು.

ಅವಳು ಎದ್ದಳು. ಚಪ್ಪಲಿ ಮೆಟ್ಟಿ ಬಂದುಬಿಟ್ಟಳು. ಎರಡು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದಳು, ಕೇಳಿದರೆ ತಲೆನೋವು ಎಂದಳು. ಅತ್ತೆ ಬಿಡುವವರೇ? ಒಂದೊಂದೇ ಎಳೆ ಎಳೆದು ಎಲ್ಲ ಬಾಯಿ ಬಿಡಿಸಿದರು. ಕೇಳಿಕೊಂಡು ಎದ್ದು ಹೋದರು.

ಮಾರನೆಯ ದಿನ ನಾಟಿ ಟೊಮೆಟೊ ಹಣ್ಣಾಗಿತ್ತು. ಗೆರೆ ಗೆರೆ, ಹೆಗಲು ಹಸಿರು. ಅತ್ತೆಯೇ ಕಿತ್ತರು, ನಾಲ್ಕು ಹೋಳು ಮಾಡಿದರು, ಉಪ್ಪು ಉದುರಿಸಿ ಒಂದು ಹೋಳು ಬಾಯಿಗಿಟ್ಟುಕೊಂಡರು. ಹುಳಿಗೆ ಕಣ್ಣು ಮುಚ್ಚಿತು. ಬಹಳ ಹೊತ್ತು ತೆರೆಯಲಿಲ್ಲ.

"ಅದೇ," ಎಂದರು. ಆಮೇಲೆ, "ನೀನು ಅಂದ್ಕೊಂಡ ಹಾಗೆ ಆ ಗಿಡ ನಿಮ್ಮಪ್ಪ ನೆಟ್ಟಿದ್ದಲ್ಲ, ಗುಬ್ಬಿ."

ಹಳೇ ಮನೆಯ ಔಟ್‌ಹೌಸಿನಲ್ಲಿ ಡ್ರಾಯಿಂಗ್ ಮೇಷ್ಟ್ರೊಬ್ಬರು ಬಾಡಿಗೆಗಿದ್ದರಂತೆ. ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಸಸಿ ತಂದುಕೊಟ್ಟವರು ಅವರೇ. ಹಣ್ಣು ಬಿಡುವ ಹೊತ್ತಿಗೆ ಮದುವೆಯ ಮಾತೂ ಆಡಿದರಂತೆ. ಮಗುವನ್ನೂ ಕರೆದುಕೊಂಡು ಬಾ, ಮೂವರೂ ಇರೋಣ ಎಂದಿದ್ದರಂತೆ. ಅತ್ತೆ ಒಲ್ಲೆ ಎಂದರು. ವರ್ಷ ತುಂಬುವುದರೊಳಗೆ ಮೇಷ್ಟ್ರು ವರ್ಗ ಮಾಡಿಸಿಕೊಂಡು ಹೋದರು.

"ನಿನಗೋಸ್ಕರ ಒಲ್ಲೆ ಅಂದೆ ಅಂತ ಎಲ್ಲರಿಗೂ ಹೇಳಿದೆ. ನಿನಗೂ ಹೇಳಿದೆ. ನಿಜ ಅದಲ್ಲ ಕಣೇ. ನನಗೆ ಭಯ ಆಗಿತ್ತು. ಹೊಸ ಮನೆ, ಹೊಸ ಮನುಷ್ಯ, ಆಗಲ್ಲ ಅನ್ನಿಸ್ತು. ಹಾಗಂತ ಹೇಳೋಕೆ ನಾಚಿಕೆಯಾಗಿ ನಿನ್ನ ಹೆಸರು ಹೇಳಿದೆ." ಅತ್ತೆ ಹೋಳಿನ ಬೀಜವನ್ನು ತಟ್ಟೆಯ ಅಂಚಿಗೆ ಸರಿಸಿದರು. "ಈಗ ನೀನು ನನ್ನ ಹೆಸರು ಹೇಳ್ಬೇಡ."

ಗುಬ್ಬಿಗೆ ಮೊದಲು ಬಂದದ್ದು ಸಿಟ್ಟು. ಮೂವತ್ತು ವರ್ಷ ಹೊತ್ತ ಋಣ ತನ್ನದೇ ಆಗಿರಲಿಲ್ಲ ಎಂದರೆ ಯಾರಿಗೆ ಬಾರದು? ಅಂದು ರಾತ್ರಿ ಇಬ್ಬರೂ ಬೇರೆ ಬೇರೆ ಕೂತು ಉಂಡರು. ಆದರೆ ಮುಂಜಾನೆ ಅತ್ತೆ ಟೀ ಲೋಟ ಹಿಡಿದು ಬಂದರು. ಬೆಚ್ಚಗಿನ ಲೋಟದ ಜೊತೆ ಆ ಕೈಯನ್ನೂ ಹಿಡಿದುಕೊಂಡು, ತನಗೂ ಭಯವೇ ಇದೆ ಎಂದು ಗುಬ್ಬಿ ಒಪ್ಪಿಕೊಂಡಳು. ಇರಲಿ, ಭಯ ಇಟ್ಟುಕೊಂಡೇ ಹೋಗು ಎಂದರು ಅತ್ತೆ.

ಅಂಗಡಿ ತೆರೆದ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ನಡುಮಧ್ಯಾಹ್ನ ಷಟರ್ ಎಳೆದಳು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಕಾಣದಾಗ, ನಿಂತಲ್ಲೇ ಹೇಳಬೇಕಾದ ಮಾತನ್ನು ನಾಲ್ಕು ಬಾರಿ ಜೋಡಿಸಿ ನಾಲ್ಕು ಬಾರಿ ಕೆಡವಿದಳು.

ಅವನು ಟ್ರೇಗಳಿಗೆ ಮಣ್ಣು ತುಂಬುತ್ತ ಕುಕ್ಕರುಗಾಲಲ್ಲಿ ಕೂತಿದ್ದ. ನೆರಳು ಬಿದ್ದು ತಲೆ ಎತ್ತಿದ. ಎದ್ದ. ಎರಡೂ ಕೈ ಮಣ್ಣು, ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡ.

"ಅವತ್ತು ನಾನು ಅತ್ತೆ ಹೆಸರು ಹೇಳಿದೆ," ಎಂದಳು ಗುಬ್ಬಿ. ಬಿಸಿಲಿಗೆ, ನಡೆದ ರಭಸಕ್ಕೆ ಏದುಸಿರು ನಿಲ್ಲುತ್ತಿರಲಿಲ್ಲ. "ಅದು ನೆಪ. ನನಗೆ ಭಯ. ಭಯ ಇದ್ರೂ ನನಗೆ ನೀವು ಬೇಕು."

ಅವನು ತಿರುಗಿ, ಮೂಲೆಯಲ್ಲಿದ್ದ ಒಂದೇ ಒಂದು ಸ್ಟೂಲನ್ನು ಕಾಲಿನಿಂದಲೇ ನೆರಳಿಗೆ ತಳ್ಳಿದ, ಅದರ ಮೇಲಿನ ಧೂಳನ್ನು ಮೊಣಕೈಯಿಂದ ಒರೆಸಿದ.

"ಎಷ್ಟು ಬೆವತಿದ್ದೀಯ," ಎಂದ. "ಬಾ, ಕೂತ್ಕೊ."

ಅಷ್ಟು ದಿನವೂ ‘ನೀವು’ ದಾಟದ ಬಾಯಿ. ಗುಬ್ಬಿ ಕೂತಳು.